ನಮ್ಮೂರ ಕಡೆಯವರು ಅಂತ ನಂಬಿ ಮಾತ್ರೆ ಬಿಟ್ಟೆ, ನೀವು ಬಿಡಬೇಡಿ

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಕನ್ನಡದವರು, ಅದರಲ್ಲೂ ಗಂಡಸರು, ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ.

ನನಗೆ ಸ್ತನ ಕ್ಯಾನ್ಸರ್. ಹೌದು, ಗಂಡಸಿಗೇ. ನೂರು ಜನಕ್ಕೆ ಈ ಕಾಯಿಲೆ ಬಂದರೆ ಅದರಲ್ಲಿ ಹೆಚ್ಚುಕಡಿಮೆ ಒಬ್ಬ ಗಂಡಸು. ಮೊಲೆತೊಟ್ಟಿನ ಹಿಂದೆ ಗಟ್ಟಿ ಗಂಟು ಇತ್ತು. ಹೋಟೆಲ್ ಗಲ್ಲಾದಲ್ಲಿ ಕೂರುವವನು, ಎಲ್ಲೋ ತಾಗಿರಬೇಕು ಅಂತ ಸುಮ್ನಿದ್ದೆ. ಆಮೇಲೆ ಆಪರೇಷನ್, ರೇಡಿಯೇಷನ್. ನನ್ನದು ಹಾರ್ಮೋನಿನಿಂದ ಬೆಳೆಯುವ ಗಡ್ಡೆ, ಹಾಗಾಗಿ ಆ ಹಾರ್ಮೋನನ್ನು ತಡೆಯುವ ಟ್ಯಾಮೋಕ್ಸಿಫೆನ್ ಅನ್ನೋ ಮಾತ್ರೆ ದಿನಾ ಒಂದು, 5 ವರ್ಷ. ಅದು ಶುರುವಾದ ಮೇಲೆ ಮೈಯೆಲ್ಲ ಬಿಸಿ, ಬೆವರು, ರಾತ್ರಿ ನಿದ್ದೆ ಇಲ್ಲ. ಹೆಂಡತಿ ಹತ್ತಿರವೂ ಹೇಳಿಕೊಳ್ಳಲಾಗದ ತೊಂದರೆ ಬೇರೆ.

ಪರಿಚಯದವರೊಬ್ಬರು ಮಾಟುಂಗಾದ ಒಬ್ಬ ವೈದ್ಯರ ಹತ್ತಿರ ಕಳಿಸಿದರು. ಕರಾವಳಿಯವರೇ, ಬಾಯ್ತುಂಬ ಕನ್ನಡ. ರಿಪೋರ್ಟ್ ನೋಡಿ, ಬಾಗಿಲು ಮುಂದೆ ಮಾಡಿ ಬಂದು ಕೂತರು. "ಅಣ್ಣಾ, ಇದು ಹೆಂಗಸರ ಮಾತ್ರೆ. ತಿಂದರೆ ಗಂಡಸ್ತನ ಹೋಗುತ್ತದೆ. ನಿಮಗೆ ಯಾರೂ ಹೇಳಲಿಲ್ವಾ?"

ಯಾರಿಗೂ ಹೇಳದ ವಿಷಯ ಇವರಿಗೆ ಗೊತ್ತಾಯಿತಲ್ಲ ಅಂತ ನನಗೆ ಕಣ್ಣೀರೇ ಬಂತು. ನಾನು ಬಿದ್ದದ್ದು ಅಲ್ಲೇ. ಆ ಮಾತ್ರೆ ತಿನ್ನುವ ಗಂಡಸರಲ್ಲಿ ಈ ತೊಂದರೆ ಸಾಮಾನ್ಯವಂತೆ. ಊಹಿಸೋದು ಏನು ಕಷ್ಟ? ನನ್ನ ನಾಚಿಕೆಯನ್ನೇ ಹಿಡಿದುಕೊಂಡು ವ್ಯಾಪಾರ ಮಾಡಿದರು. ನನ್ನ ನಾಚಿಕೆಯನ್ನೇ!

ಅರಿಶಿನ, ಕಾಳುಮೆಣಸಿನ ಸಾರದ ಕ್ಯಾಪ್ಸೂಲ್, ಜೊತೆಗೆ ಒಂದು ಕಹಿ ಪುಡಿ. ತಿಂಗಳಿಗೆ 18,500 ರೂಪಾಯಿ, ನಾಲ್ಕು ತಿಂಗಳು. ಮೊದಲೆರಡು ತಿಂಗಳು ಮಾತ್ರೆಯೂ ತಿಂದೆ. ಆಮೇಲೆ ಆ ವೈದ್ಯರ ಮಾತು ಕೇಳಿ ಮಾತ್ರೆ ಬಿಟ್ಟೆ. ಕ್ಯಾನ್ಸರ್ ಡಾಕ್ಟರಿಗೆ ಹೇಳಲೇ ಇಲ್ಲ.

ಚೆಕಪ್‌ನಲ್ಲಿ ಲಿವರ್ ರಿಪೋರ್ಟ್ ಕೆಟ್ಟು ಬಂತು. ಆಗ ಬಾಯಿಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ಅಡುಗೆಯ ಅರಿಶಿನ ಬೇರೆ, ಮೆಣಸು ಸೇರಿಸಿದ ಈ ಗಟ್ಟಿ ಸಾರ ಬೇರೆ, ಅದು ರಕ್ತದಲ್ಲಿ ಟ್ಯಾಮೋಕ್ಸಿಫೆನ್‌ನ ಬಲ ತಗ್ಗಿಸಬಹುದು, ಲಿವರಿಗೂ ಪೆಟ್ಟು ಕೊಡಬಹುದು ಅಂದರು. "ಯೋಗ, ಪ್ರಾಣಾಯಾಮ ಧಾರಾಳ ಮಾಡಿ. ಬಾಯಿಗೆ ಹಾಕೋದನ್ನ ಮಾತ್ರ ನನಗೆ ತೋರಿಸಿ." ಬೆವರು, ನಿದ್ದೆ, ಆ ಇನ್ನೊಂದು ತೊಂದರೆ, ಎಲ್ಲದಕ್ಕೂ ಅವರ ಹತ್ತಿರ ದಾರಿ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ದುಡ್ಡು ವಾಪಸ್ ಕೇಳಲು ವೈದ್ಯರಿಗೆ ಫೋನ್ ಮಾಡಿದೆ. "ನಂಬಿಕೆ ಇಲ್ಲದವರಿಗೆ ಔಷಧಿ ಹತ್ತೋದಿಲ್ಲ" ಅಂದರು. ಮಾತ್ರೆ ಬಿಡಿ ಅಂದದ್ದು ನೀವೇ ಅಲ್ವಾ ಅಂದೆ. "ನಾನೆಲ್ಲಿ ಬರೆದುಕೊಟ್ಟಿದ್ದೇನೆ? ಬಿಲ್ ನೋಡಿ." ನೋಡಿದೆ. ಆಹಾರ ಪೂರಕ ಅಂತಿದೆ. ಕ್ಯಾನ್ಸರ್ ಅನ್ನೋ ಪದವೇ ಇಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರ ಅಪರಾಧ. ಇವರದ್ದೆಲ್ಲ ಬಾಗಿಲು ಹಾಕಿಕೊಂಡು ಬಾಯಲ್ಲೇ. ಮತ್ತೆ ಫೋನ್ ಮಾಡಿದೆ. ಮತ್ತೆ ಅದೇ ಮಾತು, "ಬಿಲ್ ನೋಡಿ ಅಣ್ಣಾ."

ಏನೇ ತಿನ್ನುವುದಿದ್ದರೂ ಡಬ್ಬಿ ಸಮೇತ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಮಾತ್ರೆ ಬಿಡಿ ಅಂದವರ ಮುಂದೆ ಇನ್ನೊಂದು ನಿಮಿಷ ಕೂರಬೇಡಿ.

ಮೊನ್ನೆ ಗೊತ್ತಾಯಿತು, ಅಲ್ಲಿಗೆ ಹೋದವರಿಗೆಲ್ಲ "ಡೊಂಬಿವಲಿಯ ನಮ್ಮ ಹೋಟೆಲಿನವರೊಬ್ಬರು ವಾಸಿಯಾದರು" ಅನ್ನುತ್ತಾರಂತೆ. ಅದು ನಾನೇ. ಆ ಪುಡಿಯಿಂದ ನನಗೆ ಏನೂ ವಾಸಿಯಾಗಿಲ್ಲ. ಈಗ ದಿನಾ ರಾತ್ರಿ ಟ್ಯಾಮೋಕ್ಸಿಫೆನ್ ನುಂಗುತ್ತಿದ್ದೇನೆ.