ಚಪ್ಪಾಳೆಯೋ, ಪದದ ಬಾಲವೋ?

ತುಮಕೂರಿಂದ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟಿದ್ದೀರಾ? ಉದ್ದದ ಇಂಗ್ಲಿಷ್ ಪದ ಸರಿಯಾಗಿ ಉಚ್ಚರಿಸಲು, ಅದನ್ನು ಒಡೆದು ತುಂಡಿಗೊಂದು ಚಪ್ಪಾಳೆ ತಟ್ಟುವುದು ಸುಲಭ. ಎ-ಜು-ಕೇ-ಷನ್, ನಾಲ್ಕು ತಟ್ಟು. ಆದರೆ ಒತ್ತು ಎಲ್ಲಿ, ಅಂದರೆ ಯಾವ ತುಂಡನ್ನು ಜೋರಾಗಿ ಹೇಳಬೇಕು ಅಂತ ಅದು ಹೇಳುವುದಿಲ್ಲ. ನಮ್ಮ ಬಾಯಿಯೂ ಮೋಸ ಮಾಡುತ್ತದೆ: ‘ಸ್ಕೂಲ್’ ಒಂದೇ ಸಿಲಬಲ್ (ಒಂದು ತಟ್ಟಿಗೆ ಬರುವ ತುಂಡು), ನಾವು ‘ಇಸ್ಕೂಲು’ ಅಂತ ಮೂರು ತಟ್ಟುತ್ತೇವೆ! ರೈಲಿನಲ್ಲಿ ತಟ್ಟಿದರೆ ಬೋಗಿಯವರೆಲ್ಲ ತಿರುಗಿ ನೋಡುತ್ತಾರೆ, ಅದು ಬೇರೆ.

ನನ್ನ ಓಟು ಪದದ ಬಾಲಕ್ಕೆ. ಕೊನೆಗೆ ‘ಷನ್’ ಅಥವಾ ‘ಇಕ್’ ಬಂದರೆ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ಸಿಲಬಲ್ ಮೇಲೆ. ‘ಫೋಟೋಗ್ರಾಫ್’ನಲ್ಲಿ ‘ಫೋ’ ಮೇಲಿದ್ದ ಒತ್ತು ‘ಫೋಟೋಗ್ರಾಫಿಕ್’ನಲ್ಲಿ ‘ಗ್ರಾ’ಗೆ ಜಿಗಿಯುತ್ತದೆ. ‘ಟೆಲಿವಿಷನ್’, ‘ಅರಾಬಿಕ್’ ಥರದವು ಕೈಕೊಡುತ್ತವೆ. ಅಲ್ಲಿ ಒತ್ತು ಮೊದಲಿಗೇ.

ಅನುಮಾನ ಬಂದರೆ ಡಿಕ್ಷನರಿ ತೆರೆಯಿರಿ. ಉಚ್ಚಾರಣೆ ಬರೆದ ಕಡೆ, ಸಾಮಾನ್ಯವಾಗಿ ಒತ್ತುವ ಸಿಲಬಲ್‌ಗೆ ಮುಂಚೆ ಮೇಲ್ಗಡೆ ಸಣ್ಣ ಗೆರೆ ಇರುತ್ತದೆ.