ಲೈಮ್ ಟೆಸ್ಟ್: ರಕ್ತ ಕೊಡುವುದು ಸುಲಭ, ರಿಪೋರ್ಟ್ ಓದುವುದೇ ಕಷ್ಟ

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಆ ಮೂರೂ ಈ ಲ್ಯಾಬಿನ ಫೋನಿನಲ್ಲಿ ಸಿಕ್ಕ ಮೈಕ್ರೋಬಯಾಲಜಿ ಡಾಕ್ಟರಿಗೆ ಸೇರಬೇಕು.

ನಮ್ಮನೆಯವರಿಗೆ ಮೊಣಕಾಲಿನ ಹಿಂದೆ ಉಣುಗು ಕಚ್ಚಿತ್ತು. ಗಸಗಸೆ ಕಾಳಿನಷ್ಟು ಚಿಕ್ಕದು. ಚಿಮಟದಲ್ಲಿ ಹಿಡಿದು ನಾನೇ ಕಿತ್ತೆ. ಎಂಟನೇ ದಿನ ಜ್ವರ, ಮೈಕೈ ನೋವು. ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆ ಇರಬಹುದಾ ಅಂತ ಅವತ್ತೇ ರಕ್ತ ಕೊಟ್ಟು ಬಂದೆವು. ರಕ್ತ ತೆಗೆದ ಹುಡುಗಿ ಒಂದೇ ಸಲಕ್ಕೆ ನರ ಹಿಡಿದಳು. ಅದರಲ್ಲಿ ಏನೂ ತಕರಾರಿಲ್ಲ.

ತಕರಾರು ರಿಪೋರ್ಟಿನದ್ದು. ಎರಡು ದಿನ ಬಿಟ್ಟು ರಾತ್ರಿ ಮೊಬೈಲಿಗೆ ಬಂತು. ಮೇಲೆ ‘ಎಲೈಸಾ: ಬಾರ್ಡರ್‌ಲೈನ್’. ಅದರ ಕೆಳಗೆ ವೆಸ್ಟರ್ನ್ ಬ್ಲಾಟ್, ಬರೀ ನಂಬರುಗಳ ಸಾಲು. 41ರ ಎದುರು ಮಾತ್ರ ದಪ್ಪ ಕೆಂಪಕ್ಷರದಲ್ಲಿ ‘ಪಾಸಿಟಿವ್’. ಪುಟದ ತುದಿಯಲ್ಲಿ, ಬೆರಳಿಟ್ಟು ದೊಡ್ಡದು ಮಾಡಿ ಓದಬೇಕಾದಷ್ಟು ಸಣ್ಣದಾಗಿ, ‘ಫಲಿತಾಂಶ: ನೆಗೆಟಿವ್’. ಯಾವುದನ್ನು ನಂಬುವುದು? ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದಾಗ ಆ ಡಾಕ್ಟರ್ ಅವಸರವಿಲ್ಲದೆ ಬಿಡಿಸಿ ಹೇಳಿದರು. ಎಲೈಸಾ ಮೊದಲ ಜರಡಿ. ಅಲ್ಲಿ ಪಾಸಿಟಿವ್ ಅಥವಾ ಬಾರ್ಡರ್‌ಲೈನ್ ಬಂದರಷ್ಟೇ ಬ್ಲಾಟ್ ಮಾಡುತ್ತಾರೆ. ಆ ನಂಬರುಗಳು ಲೈಮ್ ತರುವ ಬೊರೇಲಿಯಾ ಬ್ಯಾಕ್ಟೀರಿಯಾದ ಒಂದೊಂದು ಪ್ರೋಟೀನಿನ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಅದರ ವಿರುದ್ಧ ನಮ್ಮ ರಕ್ತದಲ್ಲಿ ಪ್ರತಿಕಾಯ ಇದ್ದರೆ ಅಲ್ಲೊಂದು ಗೆರೆ ಮೂಡುತ್ತದೆ. ಐಜಿಎಂ ಅಂದರೆ ಮೊದಲು ಹುಟ್ಟುವ ಪ್ರತಿಕಾಯ, ಅದರಲ್ಲಿ 23, 39, 41 ಈ ಮೂರರಲ್ಲಿ ಎರಡಾದರೂ ಮೂಡಬೇಕು. ಆಮೇಲೆ ಹುಟ್ಟುವ ಐಜಿಜಿ ಪ್ರತಿಕಾಯದಲ್ಲಾದರೆ ಹತ್ತು ಗೆರೆಗಳಲ್ಲಿ ಐದಾದರೂ ಬೇಕು. ಇವರಿಗೆ ಇದ್ದದ್ದು ಒಂದೇ ಗೆರೆ, ಅದಕ್ಕೇ ನೆಗೆಟಿವ್. ಅದೂ 41 ಅಂದರೆ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನ್. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳಲ್ಲೂ ಅಂಥದ್ದೇ ಇರುತ್ತದೆ, ಆರೋಗ್ಯವಾಗಿರುವವರಲ್ಲೂ ಈ ಗೆರೆ ಕಾಣುತ್ತದೆ. ಅದಕ್ಕೆ ಕೆಂಪಕ್ಷರ ಬೇಕಿತ್ತಾ?

ಆಮೇಲೆ ಅವರು ಕೇಳಿದರು: “ಕಚ್ಚಿ ಎಷ್ಟು ದಿನ ಆಗಿತ್ತಮ್ಮ, ರಕ್ತ ಕೊಟ್ಟಾಗ?” ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಫಾರಂನಲ್ಲೂ ಅದಕ್ಕೆ ಜಾಗವಿಲ್ಲ. ಎಂಟು ದಿನ ಅಂದೆ. ಪ್ರತಿಕಾಯ ಕಾಣುವಷ್ಟು ಬೆಳೆಯಲು ಕೆಲವು ವಾರ ಬೇಕು, ಇಷ್ಟು ಬೇಗ ಬಂದ ನೆಗೆಟಿವ್ ನಂಬಿ ಸುಮ್ನೆ ಕೂರಬೇಡಿ, ಚರ್ಮ ನೋಡುತ್ತಿರಿ ಅಂದರು. ಇಡೀ ರಿಪೋರ್ಟಿಗಿಂತ ಈ ಒಂದು ಮಾತು ಜಾಸ್ತಿ ಕೆಲಸಕ್ಕೆ ಬಂತು.

ಮಾರನೇ ದಿನ ಸ್ನಾನ ಮಾಡಿ ಬಂದಾಗ ನೋಡಿದೆ, ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂಥ ಗುರುತು. ನೋವಿಲ್ಲ, ತುರಿಕೆಯಿಲ್ಲ. ನಮ್ಮ ಡಾಕ್ಟರ್ ಟೇಪು ಹಿಡಿದು ಅಳೆದರು, 5 ಸೆಂಟಿಮೀಟರಿಗಿಂತ ದೊಡ್ಡದಿತ್ತು. ಈ ಗುರುತು ಇದ್ದರೆ ರಕ್ತದ ರಿಪೋರ್ಟಿಗೆ ಕಾಯುವ ಹಾಗಿಲ್ಲ ಅಂತ ಅವತ್ತೇ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಶುರು ಮಾಡಿದರು. ಇವರು ಈಗ ಹುಷಾರಾಗಿದ್ದಾರೆ.

ಇನ್ನೊಂದು ವಿಷಯ. ಮಾತ್ರೆ ಮುಗಿದ ಮೇಲೆ ಲ್ಯಾಬಿನಿಂದ ಮೆಸೇಜ್ ಬಂತು: ‘ಕಾಯಿಲೆ ವಾಸಿಯಾಗಿದೆಯೇ ತಿಳಿಯಲು ಮತ್ತೆ ಲೈಮ್ ಟೆಸ್ಟ್ ಮಾಡಿಸಿ’. ಇದು ತಪ್ಪು. ಪ್ರತಿಕಾಯಗಳು ಕಾಯಿಲೆ ಹೋದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಪಾಸಿಟಿವ್ ಬಂದರೆ ವಾಸಿಯಾದವರೂ ಗಾಬರಿಯಾಗಿ ಬೇಡದ ಮಾತ್ರೆ ನುಂಗುತ್ತಾರೆ, ಅಲ್ವಾ? ದಯವಿಟ್ಟು ಈ ಮೆಸೇಜ್ ನಿಲ್ಲಿಸಿ. ಫಾರಂನಲ್ಲಿ ‘ಉಣುಗು ಕಚ್ಚಿದ ದಿನಾಂಕ’ ಅಂತ ಒಂದು ಸಾಲು ಸೇರಿಸಿ. ಅವತ್ತೇ ಬಂದು ನಾಲ್ಕನೇ ಸ್ಟಾರ್ ಕೊಡುತ್ತೇನೆ.