ಅಂಗಳದ ಪಾಚಿಗೆ 110 ಬಾರ್ ಸಾಕು: ಕಾರ್ಚರ್ ಕೆ2 ಪ್ರೆಷರ್ ವಾಷರ್

ಮಳೆಗಾಲ ಮುಗಿದ ಮೇಲೆ ಸಿಮೆಂಟ್ ಅಂಗಳದಲ್ಲಿ ಉಳಿಯುವ ಕಪ್ಪು ಪಾಚಿ, ಕಾಂಪೌಂಡ್ ಗೋಡೆಯ ಬುಡದ ಕೆಸರು, ಕಾರಿನ ಚಕ್ರದ ಸಂದಿಯ ಮಣ್ಣು: ಮನೆಯ ಕೆಲಸ ಎಂದರೆ ಇಷ್ಟೇ. ಇದಕ್ಕೆ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಈ ಯಂತ್ರ, ಕೆ2, ಧಾರಾಳವಾಗಿ ಸಾಕು. 1400 ವ್ಯಾಟ್ ಮೋಟಾರು, ಗರಿಷ್ಠ 110 ಬಾರ್ ಒತ್ತಡ, ಗಂಟೆಗೆ ಹೆಚ್ಚೆಂದರೆ 360 ಲೀಟರ್ ನೀರು. ಅಂಗಡಿಯಲ್ಲಿ ಇನ್ನೂ ದೊಡ್ಡ ಬಾರ್ ಸಂಖ್ಯೆ ಬರೆದ ಡಬ್ಬಗಳು ಪಕ್ಕದಲ್ಲೇ ಇರುತ್ತವೆ, ಅದಕ್ಕೆ ಮರುಳಾಗಬೇಡಿ. ಯಂತ್ರದ ಗುಣ ಗೊತ್ತಾಗುವುದು ನಿಮ್ಮ ಮನೆಯ ನಲ್ಲಿ ಮತ್ತು ಪ್ಲಗ್ ಪಾಯಿಂಟ್ ನೆಟ್ಟಗಿದ್ದರೆ ಮಾತ್ರ.

ಕೊಳ್ಳುವ ಮೊದಲೇ ನಲ್ಲಿಯನ್ನು ಪರೀಕ್ಷಿಸಿ. ಪೂರ್ತಿ ತಿರುಗಿಸಿದಾಗ 10 ಲೀಟರ್ ಬಕೆಟ್ ಒಂದು ನಿಮಿಷದೊಳಗೆ ತುಂಬಬೇಕು. ಓವರ್‌ಹೆಡ್ ಟ್ಯಾಂಕಿನಿಂದ ನೆಲಮಹಡಿಗೆ ಇಳಿದ ನಲ್ಲಿಯಲ್ಲಿ ಸಾಮಾನ್ಯವಾಗಿ ತುಂಬುತ್ತದೆ, ಟ್ಯಾಂಕಿನ ಕೆಳಗೇ ಇರುವ ಟೆರೇಸ್ ನಲ್ಲಿಯಲ್ಲಿ ತುಂಬುವುದು ಕಷ್ಟ. ನೀರು ಸಾಲದಿದ್ದರೆ ಪಂಪು ಗಾಳಿ ಎಳೆಯುತ್ತದೆ, ಸದ್ದು ಒರಟಾಗುತ್ತದೆ, ಧಾರೆ ತಡೆತಡೆದು ಬರುತ್ತದೆ. ಹಾಗೇ ಓಡಿಸಿದರೆ ಒಳಗಿನ ಸೀಲುಗಳು ಹಾಳು. ಅರ್ಧ ಇಂಚಿನ ಪೈಪನ್ನೇ ಬಳಸಿ. ಬೋರ್‌ವೆಲ್ ನೀರಿನಲ್ಲಿ ಮರಳು ಬರುವ ಮನೆಯಲ್ಲಿ ನೀರಿನ ಒಳಬಾಯಿಯ ಜಾಲರಿಯನ್ನು ಪ್ರತಿ ಸಲ ತೆಗೆದು ತೊಳೆಯಬೇಕು. ಸೋಲಾರ್ ಹೀಟರಿನ ಬಿಸಿನೀರು ಕೊಡಲೇಬೇಡಿ, 40 ಡಿಗ್ರಿಯೇ ಮಿತಿ.

ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರೂ ಆಗುತ್ತದೆ. ಅದಕ್ಕೆ ಜಾಲರಿ ಇರುವ ಹೀರುಪೈಪನ್ನು ಬೇರೆಯಾಗಿ ಕೊಳ್ಳಬೇಕು, ಜೋಡಿಸುವ ಮೊದಲು ಅದರೊಳಗೆ ನೀರು ತುಂಬಿಸಬೇಕು, ಯಂತ್ರವು ನೀರಿನ ಮಟ್ಟಕ್ಕಿಂತ ಅರ್ಧ ಮೀಟರಿಗಿಂತ ಮೇಲಿರಬಾರದು. ಬೆಂಗಳೂರಿನವರು ಈ ದಾರಿಯನ್ನು ಗಂಭೀರವಾಗಿ ಯೋಚಿಸುವುದು ಒಳ್ಳೆಯದು: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅರ್ಧ ಗಂಟೆಗೆ ಈ ಯಂತ್ರ ಕುಡಿಯುವುದು 180 ಲೀಟರ್ ತನಕ.

ಇನ್ನು ಕರೆಂಟು. 1400 ವ್ಯಾಟ್ ಎಂದರೆ ಸುಮಾರು 6 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ ಬೇಡ, ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಬೇಕು. ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಯಂತ್ರ ಆಮೇಲೆ ಬರಲಿ. ಎಕ್ಸ್‌ಟೆನ್ಷನ್ ವೈರಿನ ದಪ್ಪ 10 ಮೀಟರ್ ಉದ್ದದ ತನಕ 1.5 ಚದರ ಮಿಲಿಮೀಟರ್, ಅದಕ್ಕಿಂತ ಉದ್ದವಾದರೆ 2.5 ಇರಬೇಕು. ಸುರುಳಿಯನ್ನು ಪೂರ್ತಿ ಬಿಚ್ಚಿ, ಇಲ್ಲವಾದರೆ ಒಳಗೊಳಗೇ ಕಾದು ಕರಗುತ್ತದೆ. ಜಾಯಿಂಟ್ ಒದ್ದೆ ನೆಲದ ಮೇಲೆ ಬೀಳದಂತೆ ಕುರ್ಚಿಯ ಮೇಲಿಡಿ.

ಶುರು ಮಾಡುವಾಗ ನೀರು ಮೊದಲು, ಸ್ವಿಚ್ ಆಮೇಲೆ. ನಲ್ಲಿ ಬಿಟ್ಟು ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಗುಳ್ಳೆಯಿಲ್ಲದೆ ನೀರು ಒಂದೇ ಸಮನೆ ಬಂದ ಮೇಲೆ ಆನ್ ಮಾಡಿ. ಪಾಚಿಯನ್ನು ಮೊದಲು ಕಡ್ಡಿ ಪೊರಕೆಯಿಂದ ಕೆರೆದು, ನೀರು ಚಿಮುಕಿಸಿ ಕಾಲು ಗಂಟೆ ನೆನೆಯಲು ಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಗಿರಗಿರ ತಿರುಗುವ ಧಾರೆಯ ಡರ್ಟ್ ಬ್ಲಾಸ್ಟರ್ ಕೊಳವೆ ಕಾಂಕ್ರೀಟಿಗೆ, ಚಪ್ಪಡಿಗೆ ಮಾತ್ರ. 20ರಿಂದ 30 ಸೆಂಟಿಮೀಟರ್ ದೂರ, ನೆಲಕ್ಕೆ ಓರೆಯಾಗಿ ಹಿಡಿದು, ಎತ್ತರದ ಕಡೆಯಿಂದ ಮೋರಿಯ ಕಡೆಗೆ ಪಟ್ಟಿಪಟ್ಟಿಯಾಗಿ ಬನ್ನಿ; ಪ್ರತಿ ಪಟ್ಟಿ ಹಿಂದಿನದರ ಅಂಚಿನ ಮೇಲೆ ಹಾಯಲಿ. ಒಂದೇ ಜಾಗದಲ್ಲಿ ನಿಲ್ಲಿಸಿದರೆ ಸಿಮೆಂಟಿನ ನುಣುಪಾದ ಮೇಲ್ಪದರ ಎದ್ದು ಒರಟು ಗೆರೆ ಮೂಡುತ್ತದೆ, ಮುಂದಿನ ಮಳೆಗೆ ಪಾಚಿ ಮೊದಲು ಹಿಡಿಯುವುದು ಆ ಗೆರೆಯಲ್ಲೇ. ಇಂಟರ್‌ಲಾಕ್ ಟೈಲಿನ ಸಂದಿಯ ಮರಳು ಹಾರಿಹೋಗುವುದು ಖಂಡಿತ. ಒಣಗಿದ ಮೇಲೆ ಸಣ್ಣ ಮರಳು ಗುಡಿಸಿ ತುಂಬಿ.

ಕಾರು, ಸ್ಕೂಟರಿಗೆ ಚಪ್ಪಟೆ ಧಾರೆಯ ಕೊಳವೆ, ಅದೂ ಅರ್ಧ ಮೀಟರ್ ದೂರದಿಂದ. ಟಯರಿಗೆ 30 ಸೆಂಟಿಮೀಟರಿಗಿಂತ ಹತ್ತಿರ ಹೋಗಬಾರದು, ಹತ್ತಿರದ ಧಾರೆಗೆ ಟಯರಿನ ಪಕ್ಕ ಸೀಳಬಹುದು. ಸ್ವಿಚ್ಚುಗಳು, ಚಕ್ರದ ಬೇರಿಂಗ್, ಸೈಲೆನ್ಸರ್ ಬಾಯಿ, ರೇಡಿಯೇಟರ್, ಎಸಿಯ ಹೊರಘಟಕದ ತೆಳು ತಗಡು: ಇವಕ್ಕೆಲ್ಲ ಸಾದಾ ಪೈಪೇ ಸರಿ. ಮಂಗಳೂರು ಹೆಂಚಿನ ಮಾಡಿಗಂತೂ ಬೇಡವೇ ಬೇಡ. ಕೆಳಗಿನಿಂದ ಹೊಡೆದ ನೀರು ಹೆಂಚಿನಡಿ ನುಗ್ಗಿ ರೀಪು ನೆನೆಸುತ್ತದೆ, ಏಣಿ ಹತ್ತಿದವರನ್ನು ಗನ್ನು ಹಿಂದಕ್ಕೆ ತಳ್ಳುವ ರಭಸ ಬೀಳಿಸಬಹುದು.

ಧಾರೆಯನ್ನು ಕೈಕಾಲಿಗೆ ತಾಗಿಸಿ ನೋಡುವ ಚಪಲ ತುಂಬ ಜನರಿಗಿದೆ. ಸೂಜಿಮೊನೆಯಷ್ಟು ತೂತಿನಿಂದ ನೀರು, ಕೊಳೆ ಮಾಂಸದೊಳಗೆ ಸೇರಬಹುದು. ಹೊರಗೆ ನೋವು ಕಡಿಮೆ, ಒಳಗೆ ಕೊಳೆಯುವ ಅಪಾಯ ಹೆಚ್ಚು. ಹೀಗಾದರೆ ಅರಿಶಿನ ಮೆತ್ತಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಪ್ರೆಷರ್ ವಾಷರಿನ ಗಾಯ ಎಂದೇ ಹೇಳಿ. ಹವಾಯಿ ಚಪ್ಪಲಿ ಬದಲು ಗಮ್‌ಬೂಟು, ಕಣ್ಣಿಗೆ ಕನ್ನಡಕ ಇರಲಿ. ಗನ್ ಕೆಳಗಿಡುವಾಗೆಲ್ಲ ಟ್ರಿಗರ್ ಲಾಕ್ ಮಾಡಿ.

ಕೆ2ರ ನಿಜವಾದ ಕೊರತೆ ಗನ್ನಿನ ಪೈಪಿನ ಉದ್ದ. ಕಾರಿನ ಸುತ್ತ ಹೋಗುವಾಗ ಯಂತ್ರವನ್ನೂ ಎತ್ತಿ ಸರಿಸುತ್ತಿರಬೇಕು. ಸದ್ದೂ ಜೋರು, ಮಧ್ಯಾಹ್ನ ನೆರೆಮನೆಯವರು ಮಲಗಿದಾಗ ಬೇಡ. ಟ್ರಿಗರ್ ಬಿಟ್ಟ ತಕ್ಷಣ ಮೋಟಾರು ತಾನೇ ನಿಲ್ಲುವುದು ಒಳ್ಳೆಯ ಏರ್ಪಾಡು, ಆದರೆ ಚಹಾಕ್ಕೆ ಒಳಗೆ ಹೋಗುವಾಗ ಸ್ವಿಚ್ಚನ್ನೂ ಆರಿಸಿ. ನೀರು ಬರುತ್ತಿದ್ದೂ ಒತ್ತಡ ಏರಿಳಿದರೆ ಯಂತ್ರ ಆರಿಸಿ, ಕೊಳವೆ ಕಳಚಿ, ಅದರ ತೂತನ್ನು ಸೂಜಿಯಿಂದ ಬಿಡಿಸಿ. ಬಹುಪಾಲು ದೂರು ಅಲ್ಲಿಗೇ ತೀರುತ್ತದೆ. ಆಸಿಡ್, ಬ್ಲೀಚಿಂಗ್ ಪೌಡರ್ ಯಂತ್ರದೊಳಗೆ ಹೋಗಕೂಡದು. ಕೆಲಸ ಮುಗಿದಾಗ ಸ್ವಿಚ್ ಆರಿಸಿ, ನಲ್ಲಿ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಯುವ ತನಕ ಟ್ರಿಗರ್ ಒತ್ತಿ, ಆಮೇಲಷ್ಟೇ ಪೈಪು ಕಳಚಿ.